ಒಮ್ಮೆ ಓ ಎಂದ ದೇವರು

ಆ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಕೆಂಪಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸಮಯ ನನಗೆ ಇಷ್ಟು ನಿಖರವಾಗಿ ಗೊತ್ತಿರಲು ಕಾರಣವಿದೆ. ಆ ನಗುವಿನ ಬಗ್ಗೆ ಆಮೇಲೆ ವಿಚಾರಣೆ ನಡೆಯಿತು.

ನಮ್ಮದು ವಿಜ್ಞಾನ ಕಥೆಗಳ ಮಾಸಪತ್ರಿಕೆ. ಓದುಗರ ಪ್ರಶ್ನೆಗಳಿಗೆ ಉತ್ತರ ಬರೆಯುವ ಕೆಲಸ ನನ್ನದು; ಎದುರು ಮೇಜಿನಲ್ಲಿ ಕರಡು ತಿದ್ದುವ ಕೆಲಸ ಅವರದು. ಕೆಂಪು ಪೆನ್ನಿನಿಂದ ಬಂದ ಹೆಸರು ಕೆಂಪಕ್ಕ. ಅವರಿಗಿಂತ ಎರಡು ವರ್ಷ ದೊಡ್ಡವರಾದ ಸಂಪಾದಕರೂ ಹಾಗೇ ಕರೆಯುತ್ತಿದ್ದರು. ದಿನಾ ಪೆನ್ನಿನ ಮುಚ್ಚಳ ತೆಗೆಯುವ ಮುಂಚೆ ಕೆಂಪಕ್ಕ ಒಂದು ನಿಮಿಷ ಕಣ್ಮುಚ್ಚಿ ಪ್ರಾರ್ಥಿಸುತ್ತಿದ್ದರು. ಕಾಗುಣಿತ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಕಥೆಯಲ್ಲಿ ಸೂರ್ಯ ಪಶ್ಚಿಮದಲ್ಲಿ ಹುಟ್ಟಿದರೂ ಅವರಿಗೆ ಚಿಂತೆಯಿಲ್ಲ, ಶಕಾರಕ್ಕೆ ಸಕಾರ ಬೀಳಬಾರದು, ಅಷ್ಟೇ.

ಆದರೆ ಒಂದು ಲೆಕ್ಕ ಇಟ್ಟಿದ್ದರು. ಹತ್ತೊಂಬತ್ತು ವರ್ಷಗಳಲ್ಲಿ ದೇವರು ಬರುವ ಕಥೆಗಳು ನೂರ ನಲವತ್ತೆರಡು. ಅವುಗಳಲ್ಲಿ ದೇವರು ಕೊನೆಗೆ ಯಂತ್ರವಾಗಿದ್ದು ಎಂಬತ್ತೆಂಟು ಸಲ, ಬೇರೆ ಗ್ರಹದವನಾಗಿದ್ದು ಮೂವತ್ತೇಳು ಸಲ, ಯಾರೂ ಇಲ್ಲವೆಂದಾಗಿದ್ದು ಹದಿನೇಳು ಸಲ. ಹಿಂದಿನ ವಾರವಷ್ಟೇ ಊಟದ ಹೊತ್ತಿನಲ್ಲಿ ಇದನ್ನೆಲ್ಲ ಓದಿ ಹೇಳಿ, “ಅಷ್ಟು ಕೂಗ್ತಾರೆ ಪಾಪ, ಒಂದ್ಸಲನಾದ್ರೂ ಓ ಅನ್ಬಾರ್ದಾ?” ಎಂದಿದ್ದರು. ನಾವು ನಕ್ಕಿದ್ದೆವು. ಆ ಮಾತೇ ಅವರಿಗೆ ಮುಳುವಾಯಿತು.

ಅವರದೊಂದು ಪದ್ಧತಿಯಿತ್ತು. ಕಥೆಯ ಸೆಳೆತಕ್ಕೆ ಸಿಕ್ಕರೆ ಕಣ್ಣು ತಪ್ಪುಗಳನ್ನು ಹಾರಿಸಿಬಿಡುತ್ತದೆಂದು, ಎಲ್ಲ ಕಥೆಗಳ ಕೊನೆಯ ಹಾಳೆಗಳನ್ನು ಬೇರೆ ತೆಗೆದು ಮೊದಲು ಅವನ್ನೇ ತಿದ್ದಿ, ಮತ್ತೆ ಆಯಾ ಕಥೆಗೆ ಸೇರಿಸುತ್ತಿದ್ದರು. ಪುಟಸಂಖ್ಯೆ ಬೀಳುತ್ತಿದ್ದದ್ದು ಆಮೇಲೆ, ಅವರು ಜೋಡಿಸಿಕೊಟ್ಟ ಕ್ರಮದಲ್ಲಿ. ಆ ಮಂಗಳವಾರ ಅವರನ್ನು ನಗಿಸಿದ್ದು ಚಂದ್ರನ ಮೇಲೆ ದಾರಿ ತಪ್ಪಿದ ಅಡುಗೆಯವನೊಬ್ಬನ ಕಥೆ. ಅವನು ರೇಡಿಯೋದಲ್ಲಿ ಅಮ್ಮನನ್ನು ಕೂಗುತ್ತಾನೆ. ನಗುತ್ತಲೇ, ಕನ್ನಡಕವಿಲ್ಲದೆ, ಕೆಂಪಕ್ಕ ಹಾಳೆಗಳನ್ನು ಜೋಡಿಸಿದರು.

ಸಂಚಿಕೆ ಅಚ್ಚಾಗಿ ಬಂತು. ದೂರದ ಗ್ರಹವೊಂದರಲ್ಲಿ ಮುದಿ ಸನ್ಯಾಸಿ ಆಕಾಶಕ್ಕೆ ಮುಖವೆತ್ತಿ, “ಯಾರಾದರೂ ಇದ್ದೀರಾ?” ಎಂದು ಕೂಗುತ್ತಾನೆ. ಪುಟ ತಿರುವಿದರೆ ಉತ್ತರ: “ಇದ್ದೀನಿ ಕಣೋ, ಎಲ್ಲಿಗೆ ಹೋಗ್ತೀನಿ? ಊಟ ಆಯ್ತಾ, ಮೊದಲು ಅದು ಹೇಳು.” ಅತ್ತ ಅಡುಗೆಯವನು “ಅಮ್ಮಾ, ಕೇಳಿಸ್ತಿದೆಯಾ?” ಎಂದರೆ, ಮುಂದಿನ ಪುಟದಲ್ಲಿ ತುಕ್ಕು ಹಿಡಿದ ಯಂತ್ರವೊಂದು ಹಳೆಯ ಧ್ವನಿಮುದ್ರಿಕೆಯನ್ನು ತಿರುಗಿಸುತ್ತ ನಿಂತಿತ್ತು. ಎರಡೂ ಕಥೆಗಳ ಕೊನೆಯ ಹಾಳೆಗಳು ಅದಲುಬದಲಾಗಿದ್ದವು.

ಸಂಪಾದಕರ ಮುಖ ಕಪ್ಪಿಟ್ಟಿತು. ಇದು ಬೇಕೆಂದೇ ಮಾಡಿದ್ದಾದರೆ ಆ ಮೇಜಿನ ಮುಂದೆ ನಾಳೆಯಿಂದ ಬೇರೆಯವರು ಕೂರುತ್ತಾರೆ ಎಂದರು. ಸನ್ಯಾಸಿಯ ಕಥೆ ಬರೆದ ಭೌತಶಾಸ್ತ್ರದ ಮೇಷ್ಟ್ರಿಗೆ ಹೇಳಿಕಳಿಸಿದರು. ಮೇಷ್ಟ್ರು ದೇವರೆಂದರೆ ಮೂಗು ಮುರಿಯುವ ಪೈಕಿ. ಬಂದವರು ಕುರ್ಚಿಯ ತುದಿಯಲ್ಲಿ ಕುಳಿತು ತಮ್ಮ ಕಥೆಯನ್ನು ಅಚ್ಚಿನಲ್ಲಿ ಓದಿದರು. ಕೆಂಪಕ್ಕ ಪೆನ್ನಿನ ಮುಚ್ಚಳವನ್ನು ತೆಗೆಯುತ್ತ, ಹಾಕುತ್ತ ನಿಂತಿದ್ದರು.

“ನಿಜ ಹೇಳಿ ಅಕ್ಕ, ಬೇಕಂತ ಮಾಡಿದ್ದಾ?” ಎಂದು ಮೇಷ್ಟ್ರು ಕೇಳಿದರು.

“ಬೇಕಂತ ಮಾಡೋಳಾಗಿದ್ರೆ ಹತ್ತೊಂಬತ್ತು ವರ್ಷ ಕಾಯ್ತಿದ್ನಾ ಮೇಷ್ಟ್ರೇ? ದೇವರ ಬಾಯಲ್ಲಿ ಒಂದು ಮಾತು ಆಡಿಸೋಕೆ ಆ ಅಡುಗೆ ಹುಡುಗನ ಅಮ್ಮನ್ನ ಯಂತ್ರ ಮಾಡ್ತಿದ್ನಾ? ಕನ್ನಡಕ ಹಾಕ್ಕೊಂಡಿರ್ಲಿಲ್ಲ. ತಪ್ಪು ನಂದೇ.”

ಮೇಷ್ಟ್ರು ಕೊನೆಯ ಪುಟವನ್ನು ಇನ್ನೊಮ್ಮೆ ನೋಡಿದರು. ಅವರ ಭುಜ ಮೊದಲು ಅಲುಗಿತು, ನಗು ಆಮೇಲೆ ಬಂತು. “ಹನ್ನೊಂದು ಪುಟ ಕೂಗಿಸಿದೀನಿ ಆ ಮುದುಕನ್ನ. ಊಟ ಆಯ್ತಾ ಅಂತ ಕೇಳ್ಬೇಕು ಅಂತ ನನಗೆ ಹೊಳೀಲೇ ಇಲ್ವಲ್ರೀ” ಎನ್ನುತ್ತ ಕಣ್ಣೊರೆಸಿಕೊಂಡರು. ಸಂಪಾದಕರು ಗಂಭೀರವಾಗಿರಲು ನೋಡಿ ಸೋತರು. ಕೊನೆಗೆ ಇಡೀ ಕಚೇರಿ ನಗುತ್ತಿತ್ತು. ಮುಂದಿನ ಸಂಚಿಕೆಯಲ್ಲಿ ಕ್ಷಮಾಪಣೆಯೊಂದಿಗೆ ಎರಡೂ ಸರಿಯಾದ ಕೊನೆಗಳನ್ನು ಹಾಕುವುದೆಂದಾಯಿತು. ಆ ಕ್ಷಮಾಪಣೆಯ ಕರಡನ್ನು ತಿದ್ದಿದವರೂ ಕೆಂಪಕ್ಕನೇ. ‘ವಿಷಾದ’ದ ಷಕಾರ ಸರಿ ಮಾಡಿದರು.

ಸಂಜೆ ಅವರು ಲೆಕ್ಕದ ಪುಸ್ತಕ ತೆರೆದು ಹೊಸದೊಂದು ಸಾಲು ಎಳೆದರು. ಕೈತಪ್ಪಿನಿಂದ ಬಂದ ಫಲಿತಾಂಶವನ್ನು ವಿಜ್ಞಾನದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ನಾನು ನೆನಪಿಸಿದೆ. ಕೆಂಪಕ್ಕ ಕನ್ನಡಕವನ್ನು ಮೂಗಿನ ಮೇಲೆ ಸರಿಯಾಗಿ ಕೂರಿಸಿಕೊಂಡರು.

“ಅಚ್ಚಾಗಿದೆ ಅಲ್ವೇನಪ್ಪ? ಹಾಗಾದ್ರೆ ಬರ್ಕೋಬೇಕು,” ಎಂದವರು, ಒಂದೊಂದೇ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿದರು: “ನೂರ ನಲವತ್ಮೂರಕ್ಕೆ ಒಂದು.”