ಒಳಗೆ ಬಟ್ಟೆ ಬಿಡದ ಅಂಗಿ

ಮೊನ್ನೆ ಸಿಂಧನೂರಿನ ದರ್ಜಿ ಅಂಗಡಿಯಲ್ಲಿ ಅಳತೆ ಕೊಡಲು ನಿಂತಿದ್ದೆ. ಪಕ್ಕದಲ್ಲಿ ಹಸಿ ಬಟ್ಟೆಯ ಮೇಲೆ ಇದ್ದಿಲಿನ ಇಸ್ತ್ರಿ ಎಳೆದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಮಸ್ಕಿಯಲ್ಲಿ, ಪಕ್ಕದ ಮನೆಯ ದರ್ಜಿ ಚಾಚಾನ ಮುಂದೆ ಕೈ ಚಾಚಿ ನಿಂತುಬಿಟ್ಟೆ...

ಚಾಚಾನ ಮಗ ನನ್ನ ಓರಗೆಯವನು. ನಿಜಾಮನ ರಾಜ್ಯ ಹೋದ ಗದ್ದಲಕ್ಕೆ ಮುಂಚೆಯೇ ಅವನನ್ನು ಹೈದರಾಬಾದಿನ ಬೋರ್ಡಿಂಗಿಗೆ ಹಾಕಿದ್ದರು. ಪ್ರತಿ ರಂಜಾನಿಗೆ ಚಾಚಾ ಅವನಿಗೊಂದು ಅಂಗಿ ಹೊಲಿಯುತ್ತಿದ್ದ, ಅಳತೆ ಮಾತ್ರ ನನ್ನದು. ಹಬ್ಬದ ದಿನ ನನಗೇ ತೊಡಿಸಿ ನೋಡುತ್ತಿದ್ದ. ಅಷ್ಟರಲ್ಲಿ ನಾನು ಪಾತ್ರೆಗಟ್ಟಲೆ ಹಾಲು ಶಾವಿಗೆಯ ಸುರಕುಂಬಾ ಕುಡಿದಿರುತ್ತಿದ್ದೆ. ಒಮ್ಮೆ ಹೊಟ್ಟೆಯ ಗುಂಡಿ ಹಾರಿ ಅಂಗಳದ ಹುಂಜಕ್ಕೆ ಬಡಿದು, ಅದು ವಾರವಿಡೀ ಕೂಗಲಿಲ್ಲ.

"ನಡದು ತೋರ್ಸಲೇ," ಎನ್ನುತ್ತಿದ್ದ ಚಾಚಾ. ಬಾಗಿಲ ಹತ್ತಿರ ಹೋದರೆ ದನಿ ಬದಲಾಗುತ್ತಿತ್ತು. "ಹೊಸ್ತಿಲ ದಾಟಬ್ಯಾಡ." ಚಾಚಿ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ನನ್ನ ನಡಿಗೆ ಅಷ್ಟು ಕೆಟ್ಟದಾಗಿರಬೇಕು ಎಂದುಕೊಂಡಿದ್ದೆ.

ಆಮೇಲೆ ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂತು. ಪರೀಕ್ಷೆಯಲ್ಲಿ ನಾನು ಒಂದೇ ಉತ್ತರವನ್ನು ಬಲಗಡೆಯಿಂದ ಉರ್ದುವಿನಲ್ಲಿ, ಎಡಗಡೆಯಿಂದ ಕನ್ನಡದಲ್ಲಿ ಬರೆದೆ. ಯಾವುದಕ್ಕಾದರೂ ಅಂಕ ಬಿದ್ದೀತು ಎಂಬ ಆಸೆ. ಎರಡೂ ಹಾಳೆಯ ನಡುವೆ ಡಿಕ್ಕಿ ಹೊಡೆದವು. ಬಿದ್ದ ಸೊನ್ನೆಯನ್ನು ಮಾತ್ರ ಯಾವ ಕಡೆಯಿಂದಲೂ ಓದಬಹುದಿತ್ತು.

ಶೇಂಗಾ ವ್ಯಾಪಾರಿ ಅಪ್ಪ ನನ್ನನ್ನು ಲಿಂಗಸುಗೂರಿನ ಬೋರ್ಡಿಂಗಿಗೆ ಹಾಕಲು ಹೊರಟ.

"ಒಲಿ ಮುಂದ ಕುಂತು ಉಣ್ಣೋ ಹುಡುಗ. ಅಲ್ಲಿ ಯಾರ್ ಕೇಳ್ತಾರ?" ಎಂದಳು ಅವ್ವ.

"ಚಾಚಾನ ಮಗ ಅಷ್ಟು ದೂರ ಓದಾಕತ್ತಿಲ್ಲೇನು? ಚಾಚಾನ್ನ ಕೇಳೇ ಬಿಡ್ತೀನಿ," ಎಂದು ಅಪ್ಪ ಹೊಸ ಅಂಗಿಯ ಬಟ್ಟೆಯನ್ನೂ ನನ್ನನ್ನೂ ಎಳೆದುಕೊಂಡು ನಡೆದ.

ಚಾಚಾ ಅಳತೆ ತೆಗೆದುಕೊಂಡ. ಅಪ್ಪ ಬೋರ್ಡಿಂಗಿನ ಬಗ್ಗೆ ಕೇಳಿದಾಗ ಟೇಪನ್ನು ಮತ್ತೆ ನನ್ನ ಭುಜಕ್ಕೆ ಹಿಡಿದ. ಆದರೆ ಹೊಲಿಯಲಿಲ್ಲ. ಮತ್ತೆ ಹೋದರೂ ಬಟ್ಟೆ ಮಡಚಿದ್ದು ಮಡಚಿದಂತೆಯೇ ಇತ್ತು. ದಿನವಿಡೀ ಓಣಿಗೆ ಕೇಳುತ್ತಿದ್ದ ಮಷೀನು ಸುಮ್ಮನಾಗಿತ್ತು...

ಅಪ್ಪ ಸಿಟ್ಟಾದ. "ಏನ್ ಭಾಯಿ, ಸೋಮವಾರ ಮೋಟರಿಗೆ ಹುಡುಗನ್ನ ಬರಿಮೈಲೆ ಕಳಿಸ್ಲೇನು?"

ಚಾಚಾ ಟ್ರಂಕು ತೆರೆದ. ಬೇವಿನೆಲೆಗಳ ನಡುವೆ ನನ್ನ ಅಳತೆಯ ಅಂಗಿಗಳು, ಇಸ್ತ್ರಿಯೂ ಕೆಟ್ಟಿರಲಿಲ್ಲ. ಒಂದೂ ಮನೆ ಬಿಟ್ಟು ಹೋಗಿರಲಿಲ್ಲ.

"ಎಲ್ಲಿಗಂತ ಕಳಿಸ್ಲಿ ಸಾವ್ಕಾರ್ರ? ಗದ್ದಲದಾಗ ಬೋರ್ಡಿಂಗ್ ಬಂದ್ ಆತು. ಹುಡುಗ್ರು ಎತ್ತ ಹೋದ್ರೋ... ಹೋಗಿ ನೋಡೀನಿ. ಬಾಗಿಲಿಗೆ ಕೀಲಿ ಇತ್ತು."

ಅಪ್ಪ ಟ್ರಂಕಿನ ಮುಚ್ಚಳ ಇಳಿಸಿ ಕೇಳಿದ, "ಹಂಗಾರ ಕಳಿಸಬ್ಯಾಡ ಅಂತೀಯೇನು?"

"ನಾ ಹ್ಯಾಂಗ ಹೇಳ್ಲಿ? ಹುಡುಗನ್ನ ಕೇಳ್ರಿ. ನಾ ನನ್ನ ಮಗನ್ನ ಕೇಳಿರ್ಲಿಲ್ಲ. ಅಂವ ಮೋಟರ್ ಹತ್ತೋತನಕ ಏನೂ ಅನ್ಲಿಲ್ಲ."

ಇಬ್ಬರೂ ನನ್ನ ಕಡೆ ತಿರುಗಿದರು. ಸತ್ತವರ ಮನೆಯಲ್ಲೂ ನಗಿಸಲು ಹೋಗಿ ಏಟು ತಿಂದವನು ನಾನು. ಅವತ್ತು ಏನೂ ಹೊಳೆಯಲಿಲ್ಲ.

"ಹೋಗ್ತೀನಿ. ಮನಸಿಗೆ ಬರ್ಲಿಲ್ಲಂದ್ರ ಬಂದುಬಿಡ್ತೀನಿ. ಆಗ ಬಡೀಬಾರ್ದು," ಎಂದೆ. ಅಪ್ಪ ಹೂಂ ಅಂದ.

ಅಂದೇ ಸಂಜೆ ಮಷೀನು ಓಡಿತು. ಬೆಳೆಯುವ ಹುಡುಗರ ಅಂಗಿಗೆ ಹೊಲಿಗೆಯ ಒಳಗೆ ಬಟ್ಟೆ ಬಿಡುವುದು ರೂಢಿ, ಮುಂದೆ ಬಿಚ್ಚಿ ಅಗಲ ಮಾಡಲಿಕ್ಕೆ. ಚಾಚಾ ಒಂದು ಬೆರಳಗಲವೂ ಬಿಡಲಿಲ್ಲ. ಅಪ್ಪ ಗೊಣಗಿದಾಗ ನನ್ನ ಕಾಲರ್ ಸರಿಮಾಡುತ್ತ ಹೇಳಿದ, "ಬಿಗಿ ಆಗ್ಲಿ. ಬಿಗಿ ಆದ ಕೂಡ್ಲೇ ನೀ ಊರಿಗೆ ಬರ್ಬೇಕು. ಹೊಸಾದು ಹೊಲೀತೀನಿ. ಹೂಂ, ಈಗ ಹೊಸ್ತಿಲ ದಾಟು."

ಬೋರ್ಡಿಂಗಿನ ನೀರು ಸಾರಿಗೂ ನಾನು ಉಬ್ಬುತ್ತಲೇ ಹೋದೆ, ಊರಿಗೆ ಬರುತ್ತಲೇ ಇದ್ದೆ. ಒಂದು ಸಲ ಬಂದಾಗ ಪಕ್ಕದ ಮನೆಗೆ ಕೀಲಿ ಬಿದ್ದಿತ್ತು. ಹೈದರಾಬಾದಿನಲ್ಲಿ ಅವರ ಮಗನಂಥ ಹುಡುಗನನ್ನು ಯಾರೋ ಕಂಡರೆಂದು ಸುದ್ದಿ ಬಂದು, ಚಾಚಾ ಚಾಚಿ ಟ್ರಂಕು ಹೊತ್ತುಕೊಂಡು ಹೋದರಂತೆ. ಹೋದವರು ಹಿಂತಿರುಗಲಿಲ್ಲ...

"ಒಳಗ ಬಟ್ಟಿ ಬಿಡ್ಲೇನ್ರಿ?" ಸಿಂಧನೂರಿನ ದರ್ಜಿ ಮತ್ತೆ ಕೇಳಿದ.

"ಬ್ಯಾಡ್ರಿ."

"ಬಿಗಿ ಆದ್ರ ಆಮ್ಯಾಲ ನನ್ನ ಅನ್ಬ್ಯಾಡ್ರಿ ಮತ್ತ."

ಬೀದಿಗೆ ಇಳಿಯುವ ಮುನ್ನ ಹೊಸ್ತಿಲ ಬಳಿ ಸ್ವಲ್ಪ ಹೊತ್ತು ನಿಂತೆ. ಹೊಸ್ತಿಲ ದಾಟು ಅಂತ ಹಿಂದಿನಿಂದ ಯಾರೂ ಅನ್ನಲಿಲ್ಲ.