ಹೂಳೆತ್ತಿದ ಸಾರ್ದಿ

ವಾಟುಜೆಂಬರಿನಲ್ಲಿ ಯಾರೂ ಯಾರ ಮುಖದ ಮೇಲೂ 'ಆಗಲ್ಲ' ಎನ್ನುವುದಿಲ್ಲ. ಏನು ಕೇಳಿದರೂ 'ಇಂಗಿಹ್' ಎನ್ನುತ್ತಾರೆ. ಹೂಂ, ಆಗಲಿ, ಹಾಗೇ ಮಾಡೋಣ ಎಂದೆಲ್ಲ ಅದರ ಅರ್ಥ. ಹಾಗೆಂದವರು ಬಂದರೆ ಬಂದರು, ಬರದಿದ್ದರೆ ಇಲ್ಲ. ಏಕೆ ಬರಲಿಲ್ಲ ಎಂದು ಹೋಗಿ ಕೇಳುವವನೇ ಮರ್ಯಾದೆಗೆಟ್ಟವನು.

ಸಾರ್ದಿಗೆ ಈಗ ಅರವತ್ತಮೂರು. ಹದಿನೆಂಟು ವರ್ಷ ಆ ಊರಿನ ಯಜಮಾನಿಕೆ ಮಾಡಿದವನು. ಅವನೂ ಆ ಮಾತನ್ನು ಸಾವಿರ ಸಲ ಆಡಿದ್ದ, ಸಾವಿರ ಸಲ ಕೇಳಿಸಿಕೊಂಡಿದ್ದ. ಅದು ಎಷ್ಟು ತಣ್ಣಗಿನ ಮಾತು ಎಂದು ಅವನಿಗೆ ತಿಳಿದದ್ದು ಕೆರೆ ಹೋದ ಮೇಲೆ.

ಜಾವಾದ ತೆಂಕಣ ಅಂಚಿನ ಗುನುಂಗ್ ಕಿದುಲ್ ಸೀಮೆಯಲ್ಲಿ ಮಳೆ ಕಡಿಮೆಯೇನಲ್ಲ. ನವೆಂಬರಿನಿಂದ ಏಪ್ರಿಲಿನವರೆಗೆ ಧೋ ಎಂದು ಸುರಿಯುತ್ತದೆ. ಆದರೆ ನೆಲವೆಲ್ಲ ಸುಣ್ಣಕಲ್ಲು. ಜರಡಿಗೆ ಸುರಿದ ಹಾಗೆ ನೀರು ಕೆಳಗಿಳಿದು, ನೂರಾರು ಅಡಿ ಆಳದಲ್ಲಿ ಯಾರ ಕಣ್ಣಿಗೂ ಬೀಳದ ಹೊಳೆಗಳಾಗಿ ಹರಿದು ಸಮುದ್ರ ಸೇರುತ್ತದೆ. ಮನೆಮನೆಯ ಮಳೆನೀರಿನ ತೊಟ್ಟಿ ಆಗಸ್ಟಿಗೆ ಬತ್ತುತ್ತದೆ. ಅಲ್ಲಿಂದ ಮುಂದೆ ಜನಕ್ಕೂ ದನಕ್ಕೂ ಆಧಾರವೆಂದರೆ ಆಲದ ಮರದ ಕೆಳಗಿನ ಕೆರೆ. ಅಷ್ಟೊಂದು ತೂತಿನ ನೆಲದಲ್ಲಿ ಈ ಒಂದು ಕೆರೆಯಲ್ಲಿ ಮಾತ್ರ ನೀರು ಹೇಗೆ ನಿಲ್ಲುತ್ತದೆ ಎಂದು ಯಾರೂ ಕೇಳಿಕೊಂಡಿರಲಿಲ್ಲ. ಅಜ್ಜನ ಕಾಲದಿಂದ ನಿಂತಿತ್ತು, ಅದಕ್ಕೇ ನಿಲ್ಲುತ್ತಿತ್ತು.

ಹನ್ನೊಂದು ವರ್ಷದ ಹಿಂದೆ ಕೆರೆಯ ಹೂಳೆತ್ತುವ ಕೆಲಸ ಮಂಜೂರಾಯಿತು. ಮಂಜೂರು ಮಾಡಿಸಿದವನು ಸಾರ್ದಿಯೇ. ನಾಲ್ಕು ಸಲ ಪೇಟೆಗೆ ಅಲೆದು ಅರ್ಜಿ ಕೊಟ್ಟು ಬಂದಿದ್ದ. ಹೂಳು ತೆಗೆದರೆ ಆಳ ಹೆಚ್ಚುತ್ತದೆ, ಆಳ ಹೆಚ್ಚಿದರೆ ನೀರು ಹೆಚ್ಚುತ್ತದೆ. ಇದರಲ್ಲಿ ತಪ್ಪು ಹುಡುಕುವವರು ಯಾರು?

ಸಭೆಯಲ್ಲಿ ಒಬ್ಬಳು ಮಾತ್ರ ಹುಡುಕಿದಳು. ತುಮಿರಾ ಎಂಬ ಎಂಬತ್ತು ದಾಟಿದ ಮುದುಕಿ. ಊರೆಲ್ಲ ಅವಳನ್ನು ಅಜ್ಜಿ ಎನ್ನುವ ಹಾಗೆ ಸಿಂಬಾ ಎನ್ನುತ್ತಿತ್ತು.

"ಬದೀದು ತೆಗೀರಪ್ಪಾ. ತಳ ಮಾತ್ರ ಮುಟ್ಟಬೇಡಿ. ದನ ತುಳಿದ ಕೆಸರದು," ಎಂದಳು.

ಸಾರ್ದಿ ಕೈಮುಗಿದು ನಕ್ಕ. "ಸಿಂಬಾ, ನಿಮಗೆ ಕೆಸರಿನ ಮೇಲೆ ಅಷ್ಟು ಆಸೆ ಇದ್ರೆ ಹೇಳಿ, ಅಷ್ಟನ್ನೂ ನಿಮ್ಮ ಹೊಲದ ಬದಿಗೇ ಸುರಿಸಿಬಿಡ್ತೀನಿ. ದಿನಾ ನೋಡ್ಕೊಂಡು ಕೂತಿರಿ!"

ಸಭೆಗೆ ಸಭೆಯೇ ಗೊಳ್ಳೆಂದಿತು. ಮುದುಕಿಯೂ ಬೊಚ್ಚು ಬಾಯಿ ತೆರೆದು ನಕ್ಕಳು. ನಕ್ಕು, "ಇಂಗಿಹ್," ಎಂದಳು.

ಯಂತ್ರ ಬಂದು ಮೂರು ವಾರ ಬಗೆಯಿತು. ಸಾರ್ದಿ ಆಡಿದ ಮಾತು ತಪ್ಪದೆ ಹೂಳನ್ನೆಲ್ಲ ತುಮಿರಾಳ ಹೊಲದ ಬದಿಗೇ ಸುರಿಸಿದ. ತಳದಲ್ಲಿ ಹಲ್ಲಿನಂತೆ ಬೆಳ್ಳಗೆ ಕಲ್ಲು ಕಂಡಿತು. ಸುಗ್ಗಿ ಮುಗಿದು ಊರನ್ನು ಶುದ್ಧ ಮಾಡುವ ಹಬ್ಬ ಹತ್ತಿರವಿತ್ತು. ಯಂತ್ರದ ಬಾಯಿಗೆ ಸಿಗದೆ ಒಂದು ಮೂಲೆ ಉಳಿದಿತ್ತು. ಅಷ್ಟನ್ನೇಕೆ ಬಿಡಬೇಕೆಂದು ಸಾರ್ದಿ ತಾನೇ ಕಡ್ಡಿಪೊರಕೆ ಹಿಡಿದು ಇಳಿದ. ಕೆರೆದ, ಗುಡಿಸಿದ. ಕಲ್ಲಿನ ಬಿರುಕಿನಲ್ಲಿ ತೋಳಿನ ಗಾತ್ರದ ಜೇಡಿಯ ಗಟ್ಟಿಯೊಂದು ಕೂತಿತ್ತು. ಅದನ್ನೂ ಮೀಟಿ ತೆಗೆದ. ಅಡುಗೆಮನೆಯ ಹಾಗಾಯಿತು ಎಂದು ಹೆಂಗಸರು ಹೊಗಳಿದರು.

ಆ ವರ್ಷದ ಮಳೆಗೆ ಕೆರೆ ಆಲದ ಬೇರಿನವರೆಗೆ ತುಂಬಿತು. ಹತ್ತೊಂಬತ್ತನೆಯ ದಿನ ಆ ಮೂಲೆಯಲ್ಲಿ ನೀರು ಸುಳಿಯಾಗಿ ತಿರುಗತೊಡಗಿತು. ಬಾಯಾರಿದವನು ಗಟಗಟನೆ ಕುಡಿಯುವ ಸದ್ದು. ಮಧ್ಯಾಹ್ನದ ಹೊತ್ತಿಗೆ ತಳದ ಬಿಳಿ ಕಲ್ಲು ಬಿಸಿಲಿಗೆ ಒಣಗುತ್ತಿತ್ತು.

ಯಾರೂ ಬೈಯಲಿಲ್ಲ. "ಪರವಾಗಿಲ್ಲ ಬಿಡಿ, ದೇವರಿಚ್ಛೆ," ಎಂದರು. ಅವನು ಯಜಮಾನಿಕೆ ಬಿಡುತ್ತೇನೆ ಎಂದಾಗ "ಇಂಗಿಹ್" ಎಂದರು. ಊರವರು ಸಂಜೆ ಸೇರುವ ಕಾವಲುಕಟ್ಟೆಯ ಮೇಲೆ ಅವನು ಬಂದು ಕೂತರೆ ಜಾಗ ಬಿಟ್ಟುಕೊಡುತ್ತಿದ್ದರು. ತುಸು ಹೆಚ್ಚೇ ಬಿಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರಿಗೂ ಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಕೊನೆಗೆ ಕಟ್ಟೆಯ ಮೇಲೆ ಸಾರ್ದಿಯೊಬ್ಬನೇ ಉಳಿಯುತ್ತಿದ್ದ. ಮೊದಲೆಲ್ಲ ಸಂಜೆ ಅವನ ಬಾಗಿಲ ಮುಂದೆ ನೂರಿಪ್ಪತ್ತು ದನ ಗಂಟೆ ಅಲ್ಲಾಡಿಸುತ್ತ ಕೆರೆಗೆ ಹೋಗುತ್ತಿದ್ದವು. ಈಗ ದನಗಳೆಲ್ಲ ಕೊಟ್ಟಿಗೆಯಲ್ಲೇ ನಿಂತು ಟ್ಯಾಂಕರಿನ ನೀರು ಕುಡಿಯುತ್ತಿದ್ದವು. ಆ ದಾರಿಯಲ್ಲಿ ಹುಲ್ಲು ಬೆಳೆಯಿತು.

ಬೈದವಳು ಹೆಂಡತಿ ಸುತಿನಾ ಒಬ್ಬಳೇ. "ಕೆರೆ ನುಂಗಿದವನೇ, ಊಟಕ್ಕೆ ಬಾ," ಎಂದು ದಿನಾ ಕರೆಯುತ್ತಿದ್ದಳು. ಅವಳು ತೀರಿಕೊಂಡು ಏಳು ವರ್ಷವಾಯಿತು. ಅಂದಿನಿಂದ ಅವನ ತಪ್ಪನ್ನು ಅವನೆದುರು ಹೆಸರು ಹಿಡಿದು ಹೇಳುವವರು ಯಾರೂ ಉಳಿಯಲಿಲ್ಲ. ಮರಗೆಣಸಿನ ಹಿಟ್ಟಿನ ತಿವುಲ್ ಬೇಯಿಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದ.

ಕೆರೆಯನ್ನು ಅವನು ಸುಮ್ಮನೆ ಬಿಟ್ಟಿರಲಿಲ್ಲ. ಮೊದಲ ಮೂರು ವರ್ಷ ಬಿರುಕಿಗೆ ಸಿಮೆಂಟು ಮೆತ್ತಿದ. ಬೇಸಿಗೆಗೆ ಸಿಮೆಂಟು ಸೀಳಿ ಪಕ್ಕದಲ್ಲೇ ಇನ್ನೊಂದು ಬಾಯಿ ತೆರೆಯಿತು. ಉತ್ತರ ಸಿಕ್ಕಿದ್ದು ಸ್ವಂತ ಕೊಟ್ಟಿಗೆಯ ಹಿಂದೆ. ಅವನ ಒಂದೇ ಒಂದು ಹಸು ದಿನಾ ನಿಲ್ಲುವ ಜಾಗದಲ್ಲಿ ಗೊರಸಿನ ಗುಳಿಗಳಲ್ಲಿ ನಿಂತ ಮಳೆನೀರು ನಾಲ್ಕು ದಿನವಾದರೂ ಇಂಗಿರಲಿಲ್ಲ. ಎರಡು ಮಾರು ಆಚೆ ಅದೇ ಮಣ್ಣಿನಲ್ಲಿ ಹೊಯ್ದ ನೀರು ಗಳಿಗೆಯಲ್ಲಿ ಮಾಯವಾಗುತ್ತಿತ್ತು. ಸಾರ್ದಿ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ದನ ತುಳಿದ ಕೆಸರದು. ಹಸಿ ಜೇಡಿಯನ್ನು ತುಳಿದು ತುಳಿದು ನೂರಾರು ವರ್ಷ ಕೆರೆಗೆ ತಳ ಕಟ್ಟಿದ್ದು ದನದ ಕಾಲು. ಅದನ್ನು ಹೂಳೆಂದು ಕರೆದವನು ತಾನು.

ಅಂದಿನಿಂದ ಕಾವಡಿ ಹೆಗಲಿಗೇರಿತು. ಬಿರುಕಿಗೆ ದೊಡ್ಡ ಕಲ್ಲು, ಅದರ ಮೇಲೆ ಸಣ್ಣ ಕಲ್ಲು, ಅದರ ಮೇಲೆ ಜಲ್ಲಿ ತುಂಬಿದ. ತುಮಿರಾಳ ಹೊಲದ ಬದಿಯ ಗುಡ್ಡೆಯಿಂದ ಆ ಹಳೆಯ ಜೇಡಿಯನ್ನೇ ಬುಟ್ಟಿ ಬುಟ್ಟಿಯಾಗಿ ವಾಪಸು ಹೊತ್ತ. ಯಂತ್ರ ಮೂರು ವಾರದಲ್ಲಿ ತೆಗೆದದ್ದನ್ನು ಒಬ್ಬ ಮನುಷ್ಯ ವರ್ಷಗಟ್ಟಲೆ ಮರಳಿ ಹಾಕುತ್ತಿದ್ದ. ಮೇಲಿನ ಇಳಿಜಾರಿನಲ್ಲಿ ಆಲದ ಕೊಂಬೆ ನೆಟ್ಟ, ನೀರು ಬರುವ ದಾರಿಗೆ ಕಲ್ಲಿನ ತಡೆ ಕಟ್ಟಿದ. ಹೋದ ವರ್ಷ ತಾನೂ ಹಸುವೂ ಸೇರಿ ತುಳಿದರು. ಅವನದೆರಡು ಕಾಲು, ಅದರದ್ದು ನಾಲ್ಕು. ಒಂದೇ ದೊಡ್ಡ ಮಳೆಗೆ ಜೇಡಿ ತುತ್ತಿನ ಹಾಗೆ ಕೆಳಗಿಳಿಯಿತು.

ಮೊದಲ ಸಣ್ಣ ಮಳೆಗೂ ಕೆರೆ ತುಂಬಿಸುವ ದೊಡ್ಡ ಮಳೆಗೂ ನಡುವೆ ಎರಡು ಮೂರು ದಿನ ಸಿಗುತ್ತದೆ. ಜೇಡಿ ಹದಕ್ಕೆ ಬರುವುದು ಆಗ ಮಾತ್ರ. ಆ ದಿನಗಳಲ್ಲಿ ದನಗಳ ಹಿಂಡು ಬೇಕು. ಗುಡ್ಡೆಯಲ್ಲಿ ಉಳಿದಿದ್ದುದು ಈ ಒಂದು ವರ್ಷಕ್ಕಾಗುವಷ್ಟು ಜೇಡಿ. ಈ ಸಲ ಹೋದರೆ ಮತ್ತೆ ತರಲು ಎಲ್ಲಿಯೂ ಇಲ್ಲ.

ಅಕ್ಟೋಬರಿನಲ್ಲಿ ಅವನು ಮನೆಮನೆಗೆ ಹೋದ. ಮೊದಲು ನೆರೆಯ ದರ್ಮೊನ ಬಳಿ.

"ಬಾ ಕಾಂಗ್, ಬಾ," ಎಂದು ದರ್ಮೊ ಅಣ್ಣನನ್ನು ಕರೆಯುವಂತೆ ಕರೆದ. "ಇನ್ನೂ ಮಣ್ಣು ಹೊರ್ತಿದೀಯಂತೆ. ಸೊಂಟ ಜಾಗದಲ್ಲೇ ಇದೆಯಾ?"

"ಇದೆ. ನೋಡು ದರ್ಮೊ, ಮೊದಲ ಮಳೆ ಬಿದ್ದ ಮಾರನೆ ದಿನ ನಿನ್ನ ಹಸುಗಳನ್ನ ಕೆರೆಗೆ ಹೊಡ್ಕೊಂಡು ಬಾ. ಎರಡು ದಿನ ಸಾಕು. ಜೇಡಿ ತುಳಿಸ್ಬೇಕು."

"ಇಂಗಿಹ್, ಇಂಗಿಹ್. ಅದಕ್ಕೇನಂತೆ! ಐದನ್ನೂ ತರ್ತೀನಿ. ಇಗೋ, ಹುರಿದ ಮಿಡತೆ ತಗೋ, ಗರಿಗರಿಯಾಗಿದೆ."

ಹದಿನಾಲ್ಕು ಮನೆಯಲ್ಲಿ ಹದಿನಾಲ್ಕು ಇಂಗಿಹ್ ಸಿಕ್ಕವು. ಹದಿನೈದನೆಯ, ಕೊನೆಯ ಮನೆ ರುಬಿಯೆಮ್‌ಳದು. ತುಮಿರಾಳ ಮಗಳು, ಐವತ್ತರ ಹೆಂಗಸು. ಅಂಗಳದಲ್ಲಿ ಕೂತು ಒಣಗಿಸಲೆಂದು ಮರಗೆಣಸು ಸೀಳುತ್ತಿದ್ದಳು. ಅವನು ಹೇಳುವುದನ್ನು ಪೂರ್ತಿ ಕೇಳಿದಳು.

"ಆಗಲ್ಲ," ಎಂದಳು.

ಸಾರ್ದಿಗೆ ತನ್ನ ಕಿವಿಯ ಮೇಲೇ ಅನುಮಾನವಾಯಿತು. "ಏನಂದೆ?"

"ಆಗಲ್ಲ ಅಂದೆ. ನಾಲ್ಕರಲ್ಲಿ ಒಂದು ತುಂಬು ಗಬ್ಬ. ಕೆಸರಲ್ಲಿ ಕಾಲು ಜಾರಿದ್ರೆ ಕರು ನೀವು ಕೊಡ್ತೀರಾ?"

"ಉಳಿದ ಮೂರನ್ನ..."

"ಉಳಿದ ಮೂರೂ ಆಗಲ್ಲ." ಕತ್ತಿಯನ್ನು ಕೆಳಗಿಟ್ಟಳು. "ಇಷ್ಟು ವರ್ಷದಿಂದ ನಮ್ಮ ಹೊಲದ ಬದಿಯಿಂದ ಮಣ್ಣು ಹೊರ್ತಿದೀರಿ. ಒಂದು ದಿನ ನಮ್ಮವ್ವನ ಹೆಸರೆತ್ತಿದೀರಾ ಕಾಂಗ್? ತಳ ಮುಟ್ಟಬೇಡಿ ಅಂತ ಅವಳು ಹೇಳಿರ್ಲಿಲ್ವಾ?"

"ಹೇಳಿದ್ರು. ಆಮೇಲೆ... ಇಂಗಿಹ್ ಅಂದ್ರು."

"ಇಂಗಿಹ್ ಅಂದ್ಳಂತೆ! ನೀನು ಈ ಊರಲ್ಲೇ ಹುಟ್ಟಿದವನು ತಾನೆ? ಹದಿನೆಂಟು ವರ್ಷ ಯಜಮಾನಿಕೆ ಮಾಡ್ದೆ, ಇಂಗಿಹ್ ಅಂದ್ರೆ ಏನಂತ ಗೊತ್ತಿಲ್ವಾ ನಿನಗೆ? ಊರೆಲ್ಲ ನಗಿಸಿ ಮುದುಕಿ ಬಾಯಿ ಮುಚ್ಚಿಸ್ದೆ. ಇನ್ನೇನು ಅನ್ಬೇಕಿತ್ತು ಅವಳು? ಸಾಯೋವರೆಗೂ ಟ್ಯಾಂಕರ್ ನೀರಿಗೆ ಮುಖ ಸಿಂಡರಿಸ್ತಿದ್ಳು, ಕಬ್ಬಿಣದ ವಾಸನೆ ಅಂತ. ಕೆಸರಿನ ವಾಸನೆ ಇರೋ ನೀರು ಒಂದು ಲೋಟ ಕೊಡೇ ಅಂತಿದ್ಳು. ಎಲ್ಲಿಂದ ತರ್ಲಿ ನಾನು? ಹೇಳು, ಎಲ್ಲಿಂದ ತರ್ಲಿ?"

ಮಾತಿನ ನಡುವೆ ನೀವು ಹೋಗಿ ನೀನು ಬಂದದ್ದನ್ನು ಅವಳು ಗಮನಿಸಲಿಲ್ಲ. ಸಾರ್ದಿ ಗಮನಿಸಿದ. ಅವನನ್ನು ಯಾರಾದರೂ ನೀನು ಎಂದು ಬೈದು ಏಳು ವರ್ಷವಾಗಿತ್ತು.

"ತಪ್ಪು ನನ್ನದು," ಎಂದ.

"ಗೊತ್ತು. ಹೋಗು ಈಗ, ನನಗೆ ಕೆಲಸ ಇದೆ."

ಮನೆಗೆ ಬಂದವನು ಅಂದು ಎರಡು ತಟ್ಟೆ ತಿವುಲ್ ಉಂಡ. ಯಾಕೆಂದು ಅವನಿಗೇ ತಿಳಿಯಲಿಲ್ಲ.

ನವೆಂಬರಿನ ಎರಡನೆಯ ವಾರ ಮೊದಲ ಮಳೆ ಬಿತ್ತು. ಮಾರನೆಯ ದಿನ ಬೆಳಗಾಗುತ್ತಲೇ ಸಾರ್ದಿ ಹಸುವಿನ ಹಗ್ಗ ಹಿಡಿದು ಕೆರೆಗಿಳಿದ. ಬಿರುಕಿನ ಮೇಲೆ ಹರಡಿದ್ದ ಜೇಡಿ ಬೆರಳಿಗೆ ಬೆಣ್ಣೆಯಂತೆ ಸಿಗುತ್ತಿತ್ತು. ಹಸುವನ್ನು ಸುತ್ತು ಹಾಕಿಸಿದ. ದಾರಿಯ ಕಡೆ ನೋಡಬಾರದು ಎಂದುಕೊಂಡರೂ ಪ್ರತಿ ಸುತ್ತಿಗೂ ನೋಡಿದ. ಬಿಸಿಲೇರಿತು. ದಾರಿಯ ಹುಲ್ಲು ಅಲ್ಲಾಡಲಿಲ್ಲ. ಹದಿನಾಲ್ಕು ಮನೆಯಿಂದ ಒಂದು ಗೊರಸೂ ಬರಲಿಲ್ಲ. ಅವನಿಗೆ ಸಿಟ್ಟೂ ಬರಲಿಲ್ಲ. ಈ ಗುಂಡಿಯಲ್ಲಿ ತಾನೂ ಈ ಮೂಕಪ್ರಾಣಿಯೂ ಸುತ್ತುತ್ತಿರುವುದು ಮೇಲಿನಿಂದ ನೋಡಿದರೆ ಗಾಣದ ಹಾಗೆ ಕಾಣಬಹುದು, ಎಣ್ಣೆ ಮಾತ್ರ ಬರುವುದಿಲ್ಲ, ಎಂದುಕೊಂಡ.

ಆಗ ಗಂಟೆ ಕೇಳಿಸಿತು.

ರುಬಿಯೆಮ್ ಸೀರೆಯಂತೆ ಸುತ್ತಿದ ಬಟ್ಟೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡು, ಮೂರು ಹಸುಗಳನ್ನು ಅಟ್ಟಿಕೊಂಡು ಇಳಿಯುತ್ತಿದ್ದಳು.

"ನೀನು ಆಗಲ್ಲ ಅಂದಿದ್ದೆ," ಎಂದ ಸಾರ್ದಿ.

"ಹೂಂ, ಅಂದಿದ್ದೆ. ಆಯ್ತು ಅಂದವರೆಲ್ಲ ಎಲ್ಲಿ?"

"ಇಂಗಿಹ್ ಅಂದಿದ್ರು."

ರುಬಿಯೆಮ್ ನಗಬಾರದೆಂದು ತುಟಿ ಕಚ್ಚಿದಳು. ಆಗಲಿಲ್ಲ. "ಸರಿ, ಆ ಮೂಲೆ ಬಿಟ್ಟಿದೀಯ ನೋಡು. ಆವತ್ತು ಗುಡಿಸದೆ ಬಿಟ್ಟಿರ್ಲಿಲ್ಲ, ಈಗ ತುಳಿಸದೆ ಬಿಡ್ತೀಯಾ?"

ನಾಲ್ಕು ಹಸು ಸುತ್ತಿದವು. ಮೇಲಿನ ದಾರಿಯಲ್ಲಿ ಹುಲ್ಲಿನ ಹೊರೆ ಹೊತ್ತು ದರ್ಮೊ ಹೋಗುವುದು ಕಂಡಿತು.

"ದರ್ಮೊ! ನಿನ್ನ ಐದು ಹಸುಗೂ ಕಾಲು ನೋವಾ? ಇಲ್ಲಾ ನಿನಗೆ ನಾಚಿಕೆನಾ?" ಎಂದು ರುಬಿಯೆಮ್ ಕೂಗಿದಳು.

ಹೊರೆಯ ಅಡಿಯಿಂದ "ಇಂಗಿಹ್" ಎಂದು ಕೇಳಿಸಿತು. ಮಾರನೆಯ ದಿನ ದರ್ಮೊ ಎರಡು ಹಸು ತಂದ. ಐದಲ್ಲ, ಎರಡು. ನೆಲ ನೋಡಿಕೊಂಡೇ ತುಳಿಸಿ, ಬೇಗ ಹೊರಟುಹೋದ. ಉಳಿದವರು ಯಾರೂ ಬರಲಿಲ್ಲ. ಮೂರನೆಯ ದಿನ ದೊಡ್ಡ ಮಳೆ ಬಂತು.

ಕೆರೆ ತುಂಬಿದ ದಿನ ಸಾರ್ದಿ ಒಂದು ಬಿದಿರಿನ ಗಳ ನೆಟ್ಟು, ನೀರಿನ ಮಟ್ಟಕ್ಕೆ ದಿನಕ್ಕೊಂದು ಗೀರು ಹಾಕುತ್ತ ಹೋದ. ಹತ್ತೊಂಬತ್ತನೆಯ ದಿನ ಬೆಳಗಿನಿಂದ ಸಂಜೆಯವರೆಗೆ ಆ ಮೂಲೆಯ ದಂಡೆಯಲ್ಲಿ ಕಿವಿಗೊಟ್ಟು ಕೂತ. ಆ ಕುಡಿಯುವ ಸದ್ದನ್ನು ಅವನು ಮರೆತಿರಲಿಲ್ಲ. ಕಪ್ಪೆಗಳು ಕೂಗಿದವು, ಬೇರೇನೂ ಕೇಳಲಿಲ್ಲ. ಇಪ್ಪತ್ತನೆಯ ದಿನ ನೀರು ಮೊಳದಷ್ಟು ತಗ್ಗಿತ್ತು. ಎಲ್ಲಿಯೋ ಇನ್ನೂ ಸೋರುತ್ತಿತ್ತು. ಆದರೆ ಕೆರೆಯಲ್ಲಿ ನೀರಿತ್ತು.

ಹೊತ್ತೇರಿದ ಮೇಲೆ ರುಬಿಯೆಮ್ ಬಂದಳು. ಈದ ಹಸುವಿನ ಹಿಂದೆ ಇನ್ನೂ ಕಾಲು ನಿಲ್ಲದ ಕರು. ಹಸು ಕೆಸರಿಗಿಳಿದು ನೀರಿಗೆ ಬಾಯಿ ಹಾಕಿತು, ಕರುವೂ ಹಿಂದೆಯೇ ಇಳಿಯಿತು. ರುಬಿಯೆಮ್ ಬೊಗಸೆಯಲ್ಲಿ ನೀರೆತ್ತಿ ಮೂಸಿದಳು. ತುಂಬ ಹೊತ್ತು ಮೂಸಿದಳು.

"ಕೊಳಕಾಗಿದೆ ನಿನ್ನ ಕೆರೆ," ಎಂದಳು.

ಅವಳು ಬೊಗಸೆಯ ನೀರನ್ನು ಚೆಲ್ಲದೆ ಆಲದ ಬುಡಕ್ಕೆ ಹೊಯ್ದು, ಹಸು ಕರು ಹೊಡೆದುಕೊಂಡು ಏರಿ ಹೋದಳು. ಗಂಟೆಯ ಸದ್ದು ದಾರಿಯುದ್ದಕ್ಕೂ ಕೇಳಿಸಿ, ಅವನ ಮನೆಯ ಮುಂದೆ ಹಾದು ದೂರವಾಯಿತು.

ಕೆರೆಯ ಬಳಿ ಮತ್ತೆ ಅವನೊಬ್ಬನೇ. ಕೆಸರಿನಲ್ಲಿ ಹೊಸ ಗೊರಸಿನ ಗುಳಿಗಳಿದ್ದವು, ನಾಲ್ಕು ದೊಡ್ಡವು, ನಾಲ್ಕು ಚಿಕ್ಕವು. ಸಾರ್ದಿ ಬಗ್ಗಿ ಒಂದೊಂದನ್ನೇ ನೋಡಿದ. ಎಲ್ಲದರಲ್ಲಿಯೂ ನೀರು ನಿಂತಿತ್ತು.