ಹೊನ್ನಮ್ಮ ಕೊಟ್ಟಳೆಂಬ ಮಾತು

ಶಿರಾಲಿಯ ಹೊನ್ನಮ್ಮನ ಬಾಯಿ ಕೆಟ್ಟದ್ದು ಎಂದು ಊರಲ್ಲಿ ಹೆಸರಿದೆ. ಇರಬಹುದು. ಹೆದ್ದಾರಿಯ ಪಕ್ಕದಲ್ಲಿ ಮಲ್ಲಿಗೆ ಬೆಳೆದುಕೊಂಡು ಒಂಟಿಯಾಗಿರುವ ಹೆಂಗಸಿಗೆ ಬಾಯಿಯೂ ಇಲ್ಲದಿದ್ದರೆ ಜನ ಹೂವಿನ ಜೊತೆ ಗಿಡವನ್ನೂ ಕಿತ್ತುಕೊಂಡು ಹೋಗುತ್ತಿದ್ದರು. ಆದರೆ ಕೊಟ್ಟ ಮಾತಿಗೆ ಅವಳು ತಪ್ಪಿದ್ದನ್ನು ಕಂಡವರಿಲ್ಲ. ಮದುವೆ ಮನೆಗೆ ಇಷ್ಟು ಮೊಳ ಎಂದು ಒಪ್ಪಿಕೊಂಡರೆ ಮುಗಿಯಿತು. ಜ್ವರವಿರಲಿ, ಮಳೆಯಿರಲಿ, ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಮುಹೂರ್ತಕ್ಕೆ ಮುಂಚೆ ಮುಟ್ಟಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ತಾಯಿ ಅವಳ ಹೆಸರಿಗೆ ಬರೆದುಕೊಟ್ಟ ಒಂದು ತುಂಡು ಜಾಗ, ಅದರ ತುಂಬ ಮಲ್ಲಿಗೆ, ಮೂಲೆಯಲ್ಲೊಂದು ಮನೆ. ಅವಳ ಬದುಕೆಂದರೆ ಅಷ್ಟೇ.

ಆ ಜಾಗದ ಮೇಲೆ ಅಣ್ಣ ಸೋಮಯ್ಯನ ಕಣ್ಣು. ರಸ್ತೆ ಅಗಲವಾದ ಮೇಲಂತೂ ಅವನಿಗೆ ಅಲ್ಲಿ ಹೂವಿನ ಗಿಡ ಕಾಣುತ್ತಲೇ ಇರಲಿಲ್ಲ, ಅಂಗಡಿ ಸಾಲು ಕಾಣುತ್ತಿತ್ತು. ಬೆಣ್ಣೆ ಹಚ್ಚಿ ನೋಡಿದ, ಜಗಳ ತೆಗೆದು ನೋಡಿದ. ಹೊನ್ನಮ್ಮ ಜಗ್ಗಲಿಲ್ಲ.

ಕಳೆದ ಮಳೆಗಾಲದಲ್ಲಿ ಅಂಗಳದ ಪಾಚಿಗೆ ಕಾಲು ಜಾರಿ ಅವಳ ಬಲಗೈ ಮಣಿಕಟ್ಟು ಮುರಿಯಿತು. ಹೂ ಕಟ್ಟುವ ಕೈ. ಸೋಮಯ್ಯ ಹೆಂಡತಿಯನ್ನು ಕರೆದುಕೊಂಡು ಕಾರಿನಲ್ಲಿ ಓಡಿಬಂದ. ಅವನು ಹಾಗೆ ಓಡಿಬಂದದ್ದಕ್ಕೇ ಅವಳಿಗೆ ಸಂಶಯ ಬರಬೇಕಿತ್ತು. ಕುಮಟಾದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೂಳೆ ಎಳೆದು ಕೂಡಿಸಬೇಕೆಂದು ಸೂಜಿ ಚುಚ್ಚಿದರು. ಚುಚ್ಚಿದ್ದು ನೆನಪಿದೆ. ಆಮೇಲೆ ನೆನಪಿರುವುದು ಕಾರಿನ ಕಿಟಕಿಯಲ್ಲಿ ಕಂಡ ಹೊನ್ನಾವರದ ಸೇತುವೆ, ಕೈಮೇಲಿನ ಬಿಳಿ ಪ್ಲಾಸ್ಟರು. ಒಂದಿಷ್ಟೂ ನೋವಾಗದ ಹಾಗೆ ಕೆಲಸ ಮುಗಿಸಿದರಲ್ಲ ಎಂದು ಡಾಕ್ಟರನ್ನು ಮನಸ್ಸಿನಲ್ಲೇ ಹರಸಿದಳು.

ಕೆಲವು ದಿನ ಕಳೆದು ಸೋಮಯ್ಯ ಅಳತೆ ಟೇಪು ಹಿಡಿದ ಒಬ್ಬನೊಂದಿಗೆ ಬಂದ.

"ಎಂತದು ಇದು?" ಎಂದಳು ಹೊನ್ನಮ್ಮ.

"ಜಾಗ ನಂಗೆ ಬಿಟ್ಟುಕೊಡ್ತೆ ಹೇಳಿ ಮಾಸ್ತಿಯಮ್ಮನ ಮೇಲೆ ಆಣೆ ಮಾಡಿದ್ಯಲ್ಲ, ಆಸ್ಪತ್ರೆಲಿ."

"ಸುಳ್ಳು ಬೊಗಳಬೇಡ!"

ಅವನು ಸಿಟ್ಟಾಗಲಿಲ್ಲ. ಮೊಬೈಲ್ ತೆಗೆದು, ಆಸ್ಪತ್ರೆಯಲ್ಲಿ ಹೆಂಡತಿ ಹಿಡಿದಿದ್ದ ವಿಡಿಯೋ ತೋರಿಸಿದ. ಬಲಗೈಗೆ ಪ್ಲಾಸ್ಟರು ಹಾಕಿಸಿಕೊಂಡು ಮಂಚದ ಮೇಲೆ ಅವಳೇ ಇದ್ದಳು. ಕಣ್ಣು ತೆರೆದಿತ್ತು. ಎಡಗೈಯನ್ನು ಅಣ್ಣನ ಕೈಮೇಲಿಟ್ಟು, ಅವನು ಹೇಳಿಕೊಟ್ಟದ್ದನ್ನು ಒಂದೊಂದಾಗಿ ಹೇಳುತ್ತಿದ್ದಳು. ಕೊನೆಗೆ "ಆತು ಅಣ್ಣಯ್ಯ, ಆತು" ಎಂದು ನಕ್ಕಿದ್ದಳು ಕೂಡ. ಎಷ್ಟು ನೋಡಿದರೂ ಅದರಲ್ಲೊಂದು ಮಾತೂ ಅವಳ ನೆನಪಿನಲ್ಲಿರಲಿಲ್ಲ.

ಊರ ಗಡಿಯ ಮಾಸ್ತಿಯಮ್ಮನ ಮೇಲೆ ಹಾಕಿದ ಆಣೆಯನ್ನು ಆ ಸೀಮೆಯಲ್ಲಿ ಯಾರೂ ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಹೊನ್ನಮ್ಮ ಗಿಡಗಳ ಕಡೆ ಹೋಗುವುದನ್ನೇ ಬಿಟ್ಟಳು. ಮೊಗ್ಗು ಕೊಯ್ಯಲು ಬರುತ್ತಿದ್ದ ನೆರೆಮನೆಯ ನಾಗಮ್ಮನಿಗೂ ಬರಬೇಡವೆಂದಳು. ಹೂವೆಲ್ಲ ಗಿಡದಲ್ಲೇ ಅರಳಿ ನೆಲಕ್ಕೆ ಉದುರಿದವು.

"ಎಡಗೈಲಿ ಕೊಟ್ಟ ಮಾತು ಲೆಕ್ಕಕ್ಕಿಲ್ಲ ಮಾರಾಯ್ತಿ," ಎಂದು ನಾಗಮ್ಮ ಸಮಾಧಾನ ಮಾಡಿದಳು.

"ನಾಲಿಗೆ ಒಂದೇ ಅಲ್ವನೆ? ಅದಕ್ಕೆ ಎಡ ಬಲ ಉಂಟಾ?" ಎಂದು ಹೊನ್ನಮ್ಮ ಅವಳ ಮೇಲೇ ಉರಿದುಬಿದ್ದಳು. ಜಾಗ ಹೋಯಿತೆಂದೇ ತೀರ್ಮಾನಿಸಿದ್ದಳು.

ಕೈ ತೋರಿಸಲು ಮತ್ತೆ ಕುಮಟಾಕ್ಕೆ ಹೋದಾಗ ನಾಗಮ್ಮನೇ ಜೊತೆಗೆ ಹೋದಳು. ಆ ದಿನ ಸೂಜಿ ಚುಚ್ಚುವಾಗ ಇದ್ದ ನರ್ಸ್ ಮಾಲತಿಯನ್ನು ಕಂಡ ಕೂಡಲೇ ಹೊನ್ನಮ್ಮ ತಡೆಯಲಾರದೆ ಕೇಳಿದಳು: "ನಂಗೆ ಎಂತ ಚುಚ್ಚಿದ್ರಿ? ನೋವು ಆಗ್ಲಿಲ್ಲ, ಸರಿ. ಆಡಿದ ಮಾತೂ ನೆನಪಿಲ್ವಲ್ಲ!"

"ನೋವು ಆಗ್ಲಿಲ್ಲ ಹೇಳಿ ಯಾರಂದ್ರು?" ಎಂದಳು ಮಾಲತಿ. "ಮೂಳೆ ಎಳಿಯೂವಾಗ ನೀವು ಕೂಗಿದ್ದು ಹೊರಗಿನವರಿಗೆಲ್ಲ ಕೇಳಿತ್ತು. ಆ ಇಂಜೆಕ್ಷನ್ ಕೊಟ್ರೆ ಹಾಂಗೇ ಅಮ್ಮ. ನೋವು ಆಗ್ತದೆ, ನೆನಪು ನಿಲ್ಲೂದಿಲ್ಲ. ಕಣ್ಣು ಬಿಟ್ಕಂಡು ಮಾತಾಡ್ತಾರೆ, ಕೇಳಿದ್ದಕ್ಕೆಲ್ಲ ಹೂಂ ಅಂತಾರೆ. ಅದಕ್ಕೇ ಆ ದಿನ ಇವರ ಹತ್ರ ಸಹಿ, ವ್ಯವಹಾರ ಎಂತದೂ ಮಾಡಿಸಬೇಡಿ ಹೇಳಿ ಸಂಗಡ ಬಂದವರಿಗೆ ಹೇಳ್ತೇವೆ."

"ನಮ್ಮ ಕಡೆ ಯಾರಿಗೆ ಹೇಳಿದ್ರಿ?"

"ನಿಮ್ಮ ಅಣ್ಣನಿಗೆ. ಇಂಜೆಕ್ಷನ್ ಕೊಡೂಕೂ ಮೊದ್ಲೇ."

ಶಿರಾಲಿ ಮುಟ್ಟುವವರೆಗೆ ಬಸ್ಸಿನಲ್ಲಿ ಹೊನ್ನಮ್ಮ ಅದನ್ನೇ ಲೆಕ್ಕ ಹಾಕಿದಳು. ಆಸ್ಪತ್ರೆಯವರ ಮೇಲೂ ಅವಳಿಗೆ ಸಿಟ್ಟಿತ್ತು. ತನ್ನ ನೋವನ್ನು ತನಗೇ ಗೊತ್ತಾಗದ ಹಾಗೆ ಕದ್ದವರು ಅವರು. ಆದರೆ ಅವರು ಕೈ ಕೂಡಿಸಲೆಂದು ಕದ್ದಿದ್ದರು. ಎಲ್ಲ ಗೊತ್ತಿದ್ದೂ ಆ ಮರೆವಿನ ಸಂದಿನಲ್ಲಿ ಕೈ ಹಾಕಿದವನು ಒಡಹುಟ್ಟಿದವನು.

ಸೋಮಯ್ಯ ಟೇಪಿನವನೊಂದಿಗೆ ಮತ್ತೆ ಬಂದಾಗ ಅವಳು ಗೇಟಿಗೆ ಅಡ್ಡ ನಿಂತಿದ್ದಳು. ಪಕ್ಕದಲ್ಲಿ ನಾಗಮ್ಮ ಇದ್ದಳು.

"ಆ ಮಾತು ನಂದಲ್ಲ. ನಂಗೆ ಎಚ್ಚರ ಇರ್ಲಿಲ್ಲ. ಅದು ನಿಂಗೆ ಗೊತ್ತಿತ್ತು."

"ಎಚ್ಚರ ಇರ್ಲಿಲ್ವಾ?" ಸೋಮಯ್ಯ ಎಗರಾಡಿದ. "ಹಾಂಗಾದ್ರೆ ನನ್ನ ಹೆಸರು ಹ್ಯಾಂಗೆ ಬಂತು ಬಾಯಲ್ಲಿ? ಡಾಕ್ಟರು ಕೈ ಎಳಿಯೂವಾಗ 'ಅಣ್ಣಯ್ಯ ಬಾ, ನನ್ನ ಬಿಡಿಸ್ಕಂಡು ಹೋಗು ಅಣ್ಣಯ್ಯ' ಹೇಳಿ ಕೂಗಿದ್ದು ಯಾರು? ಬಾಗಿಲ ಹೊರಗೆ ನಿಂತು ನನ್ನ ಕಿವಿಯಾರೆ ಕೇಳಿದ್ದೆ!"

ಟೇಪಿನವನು ತಲೆ ತಗ್ಗಿಸಿದ. ಹೊನ್ನಮ್ಮ ಅಣ್ಣನ ಎದುರಿಗೇ ಬಂದು ನಿಂತಳು.

"ನಾ ನಿನ್ನೇ ಕರೆದ್ನಾ?"

"ಹೌದು, ನನ್ನೇ!"

"ಒಳಗೆ ಬಂದು ನೀ ಎಂತ ಮಾಡ್ದೆ?"

ಸೋಮಯ್ಯ ಗೇಟಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ತಾನೇನು ಹೇಳಿಬಿಟ್ಟೆ ಎಂದು ಆಗಷ್ಟೇ ಅವನಿಗೆ ಹೊಳೆದಿರಬೇಕು.

"ಆ ಇಂಜೆಕ್ಷನ್ ಒಂದು ಉಪಕಾರ ಮಾಡಿತ್ತು," ಎಂದಳು ಹೊನ್ನಮ್ಮ. "ಅಷ್ಟು ನೋವಲ್ಲಿ ನಿನ್ನಂಥವನ್ನ ಕರೆದದ್ದು ನಂಗೆ ನೆನಪಿರ್ಲಿಲ್ಲ. ಆ ಮರೆವನ್ನೂ ಉಳಿಸ್ಲಿಲ್ಲ ನೀನು. ಹೋಗು. ಇನ್ನು ಸತ್ತರೂ ಕರೆಯೂದಿಲ್ಲ."